ಮೆಂತ್ಯ ಸೊಪ್ಪು ಮತ್ತು ಬೀಟ್‌ರೂಟ್: ಪೋಷಕಾಂಶಗಳ ತುಲನಾತ್ಮಕ ಮಾಹಿತಿ

ಪೀಠಿಕೆ

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿನ ಸಿದ್ಧ ಉಡುಪು ಘಟಕಗಳು, ಯಂತ್ರೋಪಕರಣ ಕಾರ್ಖಾನೆಗಳು ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಅಪಾರ ಸಂಖ್ಯೆಯ ಮಹಿಳೆಯರು ದುಡಿಯುತ್ತಿದ್ದಾರೆ. ರಕ್ತಹೀನತೆಯ ತಪಾಸಣೆಗಾಗಿ ಬರುವ ಇಂತಹ ಮಹಿಳೆಯರಲ್ಲಿಯೂ, ಗರ್ಭಿಣಿಯರಲ್ಲಿಯೂ ಒಂದು ನಂಬಿಕೆ ವ್ಯಾಪಕವಾಗಿದೆ. ಬೀಟ್‌ರೂಟ್ ಕೆಂಪಾಗಿರುವುದರಿಂದ ಅದು ರಕ್ತವನ್ನು ಹೆಚ್ಚಿಸುತ್ತದೆ, ಆದುದರಿಂದ ಪ್ರತಿದಿನ ಬೀಟ್‌ರೂಟ್ ರಸ ಸೇವಿಸಿದರೆ ಮಾತ್ರೆಯ ಅಗತ್ಯವಿಲ್ಲ ಎಂಬುದೇ ಆ ನಂಬಿಕೆ. ಅದೇ ಗಾಡಿಯಲ್ಲಿ, ಅದೇ ಬೀಟ್‌ರೂಟಿನ ಪಕ್ಕದಲ್ಲಿ ಕಟ್ಟು ಕಟ್ಟಿ ಇಟ್ಟಿರುವ ಮೆಂತ್ಯ ಸೊಪ್ಪಿನಲ್ಲಿ ಅದರ ಏಳು ಪಟ್ಟಿಗೂ ಹೆಚ್ಚು ಕಬ್ಬಿಣಾಂಶವಿರುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಈ ವಿಷಯ ಕೇವಲ ಅಡುಗೆಮನೆಯ ಚರ್ಚೆಯಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಶೇ. 47.8ರಷ್ಟು ಹಾಗೂ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆ ಕಂಡುಬಂದಿರುತ್ತದೆ. 2015-16ರ ನಾಲ್ಕನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 44.8 ಹಾಗೂ ಶೇ. 60.9 ಇತ್ತು. ಅಂದರೆ ಪರಿಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿದೆ. ರಕ್ತಹೀನತೆಯುಳ್ಳ ಗರ್ಭಿಣಿಯರಿಗೆ ಹೆರಿಗೆಯ ಸಮಯದಲ್ಲಿ ಅಪಾಯ ಹೆಚ್ಚು; ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗುವ ಸಂಭವವಿರುತ್ತದೆ. ಪಾಳಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಬೇಗ ಆಯಾಸ, ತಲೆಸುತ್ತು, ಏದುಸಿರು ಉಂಟಾಗುತ್ತದೆ. ಇದನ್ನು ಹಲವರು ಕೆಲಸದ ದಣಿವೆಂದು ಭಾವಿಸಿ ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ.

ಈ ಹಿನ್ನೆಲೆಯಲ್ಲಿ ಎರಡೂ ತರಕಾರಿಗಳ ಪೋಷಕಾಂಶಗಳ ವಿವರವನ್ನು, ಅವುಗಳಿಂದ ದೊರೆಯುವ ಮತ್ತು ದೊರೆಯದ ಪ್ರಯೋಜನಗಳನ್ನು, ಹಾಗೂ ರಕ್ತಹೀನತೆಗೆ ಸಾರ್ವಜನಿಕರು ಪಡೆಯಬಹುದಾದ ಸೇವೆಗಳನ್ನು ಇಲ್ಲಿ ನೀಡಲಾಗಿದೆ.

ಪೋಷಕಾಂಶಗಳ ವಿವರ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಪದಾರ್ಥಗಳ ಸಂಯೋಜನಾ ಕೋಷ್ಟಕವನ್ನು ಆಧರಿಸಿ, ತಿನ್ನಲು ಯೋಗ್ಯವಾದ 100 ಗ್ರಾಂ ಹಸಿ ತರಕಾರಿಯಲ್ಲಿರುವ ಅಂಶಗಳು ಸರಿಸುಮಾರು ಈ ಕೆಳಕಂಡಂತಿರುತ್ತವೆ. ಮೊದಲ ಅಂಕಿ ಮೆಂತ್ಯ ಸೊಪ್ಪಿನದು, ಎರಡನೆಯದು ಬೀಟ್‌ರೂಟಿನದು.

ಶಕ್ತಿ: 34 ಕಿಲೋ ಕ್ಯಾಲೊರಿ – 36 ಕಿಲೋ ಕ್ಯಾಲೊರಿ
ಸಸಾರಜನಕ: 3.7 ಗ್ರಾಂ – 2 ಗ್ರಾಂ
ಶರ್ಕರಪಿಷ್ಟ: 2.2 ಗ್ರಾಂ – 6.2 ಗ್ರಾಂ
ನಾರಿನಂಶ: 4.9 ಗ್ರಾಂ – 3.3 ಗ್ರಾಂ
ಸುಣ್ಣಾಂಶ: 274 ಮಿಲಿಗ್ರಾಂ – 17 ಮಿಲಿಗ್ರಾಂ
ಕಬ್ಬಿಣಾಂಶ: 5.7 ಮಿಲಿಗ್ರಾಂ – 0.8 ಮಿಲಿಗ್ರಾಂ
ವಿಟಮಿನ್ ಸಿ: 58 ಮಿಲಿಗ್ರಾಂ – 5 ಮಿಲಿಗ್ರಾಂ
ಫೋಲೇಟ್: 75 ಮೈಕ್ರೋಗ್ರಾಂ – 97 ಮೈಕ್ರೋಗ್ರಾಂ

ಇದಲ್ಲದೆ, ದೇಹದಲ್ಲಿ ವಿಟಮಿನ್ 'ಎ' ಆಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಮೆಂತ್ಯ ಸೊಪ್ಪಿನಲ್ಲಿ ಹೇರಳವಾಗಿದ್ದು, ಬೀಟ್‌ರೂಟಿನಲ್ಲಿ ಅತ್ಯಲ್ಪವಾಗಿರುತ್ತದೆ. ಗಡ್ಡೆ ಮತ್ತು ಬೇರು ತರಕಾರಿಗಳಲ್ಲಿ ಈ ಅಂಶಕ್ಕೆ ಹೆಸರಾಗಿರುವುದು ಕ್ಯಾರೆಟ್. ಆದರೆ ಮೆಂತ್ಯ, ದಂಟು, ನುಗ್ಗೆ ಮೊದಲಾದ ಸೊಪ್ಪುಗಳು ಈ ವಿಷಯದಲ್ಲಿ ಕ್ಯಾರೆಟ್ಟನ್ನೂ ಮೀರಿಸುತ್ತವೆ.

ಮೇಲಿನ ವಿವರದಲ್ಲಿ ಶಕ್ತಿಯ ಅಂಕಿಗಳು ಹೆಚ್ಚುಕಡಿಮೆ ಸಮಾನವಾಗಿರುವುದನ್ನು ಗಮನಿಸಬಹುದು. ಬೀಟ್‌ರೂಟಿನ ಶಕ್ತಿ ಬಹುಪಾಲು ಅದರ ಸಕ್ಕರೆಯಿಂದ ಬರುತ್ತದೆ. ಮೆಂತ್ಯದಲ್ಲಿ ಸಸಾರಜನಕದ ಪಾಲು ಹೆಚ್ಚು. ಬೀಟ್‌ರೂಟ್ ಮುಂದಿರುವ ಒಂದು ಮುಖ್ಯ ಅಂಶವೆಂದರೆ ಫೋಲೇಟ್. ರಕ್ತಕಣಗಳ ಉತ್ಪತ್ತಿಗೆ ಹಾಗೂ ಗರ್ಭಧಾರಣೆಯ ಮೊದಲ ವಾರಗಳಲ್ಲಿ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯ ಬೆಳವಣಿಗೆಗೆ ಇದು ಅವಶ್ಯಕ. ಬೀಟ್‌ರೂಟಿಗೆ ಸಲ್ಲಬೇಕಾದ ಈ ಮನ್ನಣೆಯನ್ನು ನಿರಾಕರಿಸುವಂತಿಲ್ಲ. ಆದರೆ ಜನಸಾಮಾನ್ಯರು ಅದಕ್ಕೆ ನೀಡಿರುವ ಮನ್ನಣೆ ಫೋಲೇಟಿನ ಕಾರಣಕ್ಕಾಗಿ ಅಲ್ಲ, ಬಣ್ಣದ ಕಾರಣಕ್ಕಾಗಿ.

ಹಳೆಯ ಪುಸ್ತಕಗಳಲ್ಲಿಯೂ, ಗೋಡೆಪಟಗಳಲ್ಲಿಯೂ ಸೊಪ್ಪುಗಳ ಕಬ್ಬಿಣಾಂಶವನ್ನು ಇದಕ್ಕಿಂತ ಬಹಳ ಹೆಚ್ಚಾಗಿ ತೋರಿಸಿರುವುದುಂಟು. ಉದಾಹರಣೆಗೆ ದಂಟು ಸೊಪ್ಪಿನಲ್ಲಿ 25 ಮಿಲಿಗ್ರಾಂ ಎಂದು ದೀರ್ಘಕಾಲ ಮುದ್ರಿಸಲಾಗುತ್ತಿತ್ತು. ಅನಂತರದ ವಿಶ್ಲೇಷಣೆಗಳಲ್ಲಿ ಅದು 3ರಿಂದ 5 ಮಿಲಿಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ಎಲೆಗೆ ಅಂಟಿದ ಮಣ್ಣಿನಲ್ಲಿಯೂ ಕಬ್ಬಿಣವಿರುವುದರಿಂದ ಮಾದರಿಯನ್ನು ತೊಳೆದ ಬಗೆ, ಪರೀಕ್ಷೆಯ ವಿಧಾನ ಮತ್ತು ಬೆಳೆದ ನೆಲಕ್ಕೆ ಅನುಗುಣವಾಗಿ ಅಂಕಿಗಳು ಬದಲಾಗುತ್ತವೆ. ಎರಡು ಕಡೆ ಎರಡು ಅಂಕಿಗಳನ್ನು ಕಂಡ ಓದುಗರು ಗೊಂದಲಕ್ಕೆ ಒಳಗಾಗಬೇಕಿಲ್ಲ. ಯಾವ ಕೋಷ್ಟಕವನ್ನು ತೆಗೆದುಕೊಂಡರೂ ಸೊಪ್ಪು ಬೀಟ್‌ರೂಟಿಗಿಂತ ಮುಂದೆಯೇ ಇರುತ್ತದೆ.

ಬೀಟ್‌ರೂಟಿನ ಬಣ್ಣ ಮತ್ತು ರಕ್ತ

ಬೀಟ್‌ರೂಟಿನ ಕಡುಗೆಂಪು ಬಣ್ಣಕ್ಕೆ ಕಾರಣ ಬೀಟಲೈನ್ ಎಂಬ ಗುಂಪಿಗೆ ಸೇರಿದ ಸಸ್ಯವರ್ಣ ದ್ರವ್ಯ. ಇದರಲ್ಲಿ ಕಬ್ಬಿಣವಿಲ್ಲ. ರಕ್ತದ ಕೆಂಪು ಬಣ್ಣ ಕಬ್ಬಿಣವನ್ನು ಒಳಗೊಂಡ ಹಿಮೋಗ್ಲೋಬಿನ್‌ನಿಂದ ಬರುತ್ತದೆ. ಎರಡೂ ಕೆಂಪಾಗಿರುವುದು ಕಾಕತಾಳೀಯವೇ ಹೊರತು ಒಂದು ಇನ್ನೊಂದಾಗಿ ಮಾರ್ಪಡುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಲವರ ಮೂತ್ರ ಅಥವಾ ಮಲ ಕೆಂಪಾಗುವುದು ಇದೇ ಬಣ್ಣದ ಕಾರಣದಿಂದ. ಇದು ನಿರಪಾಯಕಾರಿ. ಆದರೆ ಬೀಟ್‌ರೂಟ್ ಸೇವಿಸದೆಯೂ ಮೂತ್ರದಲ್ಲಿ ಅಥವಾ ಮಲದಲ್ಲಿ ಕೆಂಪು ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಈ ತಪ್ಪು ತಿಳಿವಳಿಕೆಯಿಂದ ಆಗುವ ನಿಜವಾದ ಹಾನಿ ಕಾಲವ್ಯಯ. ಗರ್ಭಿಣಿಗೆ ವೈದ್ಯರು ಸೂಚಿಸುವ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ಅಷ್ಟೇ ಪ್ರಮಾಣವನ್ನು ಬೀಟ್‌ರೂಟಿನಿಂದ ಪಡೆಯಬೇಕಾದರೆ ದಿನಕ್ಕೆ ಏಳೂವರೆ ಕಿಲೋಗ್ರಾಂಗೂ ಮಿಕ್ಕಿ ತಿನ್ನಬೇಕಾಗುತ್ತದೆ. ಮೆಂತ್ಯ ಸೊಪ್ಪಿನಿಂದಾದರೂ ಒಂದು ಕಿಲೋಗ್ರಾಂಗಿಂತ ಹೆಚ್ಚು ಬೇಕು. ಎರಡೂ ಅಸಾಧ್ಯದ ಮಾತು. ಹೀಗಿರುವಾಗ ಮಾತ್ರೆಯನ್ನು ಬದಿಗಿಟ್ಟು ಎರಡು ಮೂರು ತಿಂಗಳು ಬೀಟ್‌ರೂಟ್ ರಸವನ್ನೇ ನಂಬಿದ ಗರ್ಭಿಣಿಯ ಹಿಮೋಗ್ಲೋಬಿನ್ ಮಟ್ಟ ಹೆರಿಗೆಯ ದಿನ ಹತ್ತಿರವಾದಂತೆ ಇನ್ನಷ್ಟು ಕುಸಿಯುವ ಸಾಧ್ಯತೆ ಇರುತ್ತದೆ. ಆಗ ಚುಚ್ಚುಮದ್ದು ಅಥವಾ ರಕ್ತಪೂರಣದ ಅಗತ್ಯ ಬೀಳಬಹುದು.

ಬೀಟ್‌ರೂಟಿನಲ್ಲಿರುವ ನೈಟ್ರೇಟ್ ಅಂಶವು ರಕ್ತನಾಳಗಳನ್ನು ಸಡಿಲಗೊಳಿಸಿ ರಕ್ತದೊತ್ತಡವನ್ನು ಸ್ವಲ್ಪಮಟ್ಟಿಗೆ ಇಳಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇದು ರಕ್ತದ ಪ್ರಮಾಣಕ್ಕೆ ಸಂಬಂಧಿಸಿದ ಗುಣವಲ್ಲ. ರಕ್ತದೊತ್ತಡದ ಔಷಧಿಗೆ ಪರ್ಯಾಯವೂ ಅಲ್ಲ.

ಬೀಟ್‌ರೂಟಿನ ಎಲೆಯ ಕಥೆ ಮಾತ್ರ ಬೇರೆ. ಅದೂ ಒಂದು ಸೊಪ್ಪೇ ಆಗಿದ್ದು, ಅದರಲ್ಲಿ ಗಡ್ಡೆಯ ಹಲವು ಪಟ್ಟು ಕಬ್ಬಿಣಾಂಶ ಹಾಗೂ ಸುಣ್ಣಾಂಶವಿರುತ್ತದೆ. ಮಾರುಕಟ್ಟೆಯಲ್ಲಿ ಗಡ್ಡೆಯನ್ನು ತೂಗಿ ಕೊಡುವ ಮೊದಲೇ ಎಲೆಯನ್ನು ಕತ್ತರಿಸಿ ಬಿಸಾಡುವುದು ವಾಡಿಕೆಯಾಗಿದೆ. ಎಲೆಸಹಿತ ದೊರೆತಲ್ಲಿ ಎಳೆಯ ಎಲೆಗಳನ್ನು ಪಲ್ಯಕ್ಕೆ ಅಥವಾ ಬೇಳೆಯೊಡನೆ ಸಾರಿಗೆ ಬಳಸಬಹುದು. ಮೂಲಂಗಿಯ ಸೊಪ್ಪಿಗೂ ಈ ಮಾತು ಅನ್ವಯಿಸುತ್ತದೆ.

ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸೇರುವ ಬಗೆ

ಕೋಷ್ಟಕದಲ್ಲಿ ಕಾಣುವ ಕಬ್ಬಿಣಾಂಶವೆಲ್ಲವೂ ದೇಹಕ್ಕೆ ಸೇರುವುದಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಅಗತ್ಯ. ಸಸ್ಯಮೂಲದ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವ ಪ್ರಮಾಣ ತೀರ ಕಡಿಮೆ. ಧಾನ್ಯವೇ ಪ್ರಧಾನವಾದ ನಮ್ಮ ಊಟದಲ್ಲಿ ನೂರಕ್ಕೆ ಹತ್ತು ಭಾಗವೂ ಸೇರುವುದಿಲ್ಲ. ಮಾಂಸ, ಮೀನುಗಳಲ್ಲಿರುವ ಕಬ್ಬಿಣಾಂಶ ಇದಕ್ಕಿಂತ ಸುಲಭವಾಗಿ ಸೇರುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣಾಂಶವನ್ನು ಶಿಫಾರಸು ಮಾಡಿರುವುದು ಈ ಕೊರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ.

ಮನೆಯೊಂದರಲ್ಲಿ ಒಬ್ಬರ ಪಾಲಿಗೆ ಬರುವ ಮೆಂತ್ಯ ಸೊಪ್ಪಿನ ಪಲ್ಯಕ್ಕೆ 50 ಗ್ರಾಂ ಹಸಿ ಸೊಪ್ಪು ಬಳಕೆಯಾಯಿತೆಂದು ಭಾವಿಸಿದಲ್ಲಿ ಅದರಿಂದ ಮೂರು ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ ಕಬ್ಬಿಣಾಂಶ ತಟ್ಟೆಗೆ ಬರುತ್ತದೆ. ಅದೇ ಊಟದಲ್ಲಿ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿದ್ದರೆ ಇನ್ನೂ ನಾಲ್ಕೂವರೆ ಮಿಲಿಗ್ರಾಂ ಸೇರುತ್ತದೆ. ಬೀಟ್‌ರೂಟ್ ಪಲ್ಯವನ್ನು ಇದರ ಎರಡರಷ್ಟು, ಅಂದರೆ 100 ಗ್ರಾಂ ತಿಂದರೂ ಒಂದು ಮಿಲಿಗ್ರಾಂ ತಲುಪುವುದಿಲ್ಲ. ಒಂದು ದಿನದ ಸೊಪ್ಪು ಅಗತ್ಯದ ಹತ್ತನೆಯ ಒಂದು ಪಾಲನ್ನು ಮಾತ್ರ ಒದಗಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆದುದರಿಂದಲೇ ಸೊಪ್ಪು ದಿನನಿತ್ಯದ ಊಟದ ಭಾಗವಾಗಬೇಕು. ವಾರಕ್ಕೊಮ್ಮೆಯ ಔಷಧಿಯಂತೆ ಬಳಸಿದರೆ ಫಲವಿಲ್ಲ. ವಯಸ್ಕರು ದಿನಕ್ಕೆ ಸುಮಾರು 100 ಗ್ರಾಂ ಹಸಿರು ಸೊಪ್ಪು ಸೇವಿಸುವಂತೆ ಸಂಸ್ಥೆಯ ಆಹಾರ ಮಾರ್ಗಸೂಚಿ ಸಲಹೆ ಮಾಡುತ್ತದೆ.

ಹೀರಿಕೆಯನ್ನು ಹೆಚ್ಚಿಸುವ ಉಪಾಯ ದುಬಾರಿಯದಲ್ಲ. ವಿಟಮಿನ್ ಸಿ ಇರುವ ಪದಾರ್ಥವನ್ನು ಅದೇ ಊಟದಲ್ಲಿ ಸೇವಿಸಿದರೆ ಸಸ್ಯಮೂಲದ ಕಬ್ಬಿಣಾಂಶ ಹೆಚ್ಚು ಸೇರುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದೊಡನೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿನ್ನುವುದು ಸೂಕ್ತ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತದೆ. ನಿಂಬೆರಸವನ್ನು ಕುದಿಯುವಾಗ ಹಾಕಿದರೆ ಈ ವಿಟಮಿನ್ ಒಂದಂಶ ನಾಶವಾಗುತ್ತದೆ.

ಇದಕ್ಕೆ ವಿರುದ್ಧವಾಗಿ ಚಹಾ ಮತ್ತು ಕಾಫಿಯಲ್ಲಿರುವ ಅಂಶಗಳು ಕಬ್ಬಿಣಾಂಶವನ್ನು ಹಿಡಿದಿಟ್ಟು ಕರುಳಿಗೆ ಸೇರದಂತೆ ಮಾಡುತ್ತವೆ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಕಾರ್ಖಾನೆಗಳಲ್ಲಿ ಸಾಮಾನ್ಯ, ಏಕೆಂದರೆ ವಿರಾಮದ ಅವಧಿ ಚಿಕ್ಕದು ಮತ್ತು ಎರಡನ್ನೂ ಅದರಲ್ಲಿಯೇ ಮುಗಿಸಬೇಕು. ಸಾಧ್ಯವಿದ್ದಲ್ಲಿ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಸಂಜೆಯ ವಿರಾಮದ ಚಹಾದಿಂದ ಈ ತೊಂದರೆಯಿಲ್ಲ. ಈ ಒಂದು ಬದಲಾವಣೆಗೆ ಖರ್ಚು ಏನೂ ಇಲ್ಲ.

ಸುಣ್ಣಾಂಶದ ವಿಷಯದಲ್ಲಿ ಮೆಂತ್ಯಕ್ಕೆ ಇನ್ನೊಂದು ಅನುಕೂಲವಿದೆ. ಪಾಲಕ್ ಮತ್ತು ದಂಟು ಸೊಪ್ಪಿನಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚಾಗಿದ್ದು, ಅದು ಸುಣ್ಣಾಂಶವನ್ನು ಕಟ್ಟಿಹಾಕುತ್ತದೆ. ಮೆಂತ್ಯ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ ಕಡಿಮೆಯಿರುವುದರಿಂದ ಅದರ ಸುಣ್ಣಾಂಶ ಹೆಚ್ಚು ಉಪಯುಕ್ತ. ಬೀಟ್‌ರೂಟಿನಲ್ಲಿ ಸುಣ್ಣಾಂಶವೇ ಕಡಿಮೆ, ಆಕ್ಸಲೇಟ್ ಹೆಚ್ಚು.

ಅಡುಗೆಯ ವಿಧಾನ

ಸೊಪ್ಪನ್ನು ಮೊದಲು ತೊಳೆದು ಅನಂತರ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಸಿಟ್ಟರೆ ವಿಟಮಿನ್ ಸಿ ಮತ್ತು ಫೋಲೇಟ್ ನೀರಿನ ಪಾಲಾಗುತ್ತವೆ. ಮೆಂತ್ಯದ ಕಹಿ ಹೋಗಲೆಂದು ಉಪ್ಪು ಹಚ್ಚಿ ಹಿಂಡಿ ರಸ ಚೆಲ್ಲುವ ರೂಢಿ ಕೆಲವೆಡೆ ಇದೆ. ಇದರಿಂದ ಪೋಷಕಾಂಶಗಳೂ ಹೋಗುತ್ತವೆ. ಕಹಿ ಒಗ್ಗದ ಮಕ್ಕಳಿಗೆ ಮೆಂತ್ಯ ಬಾತ್, ಚಪಾತಿ ಹಿಟ್ಟಿನೊಡನೆ ಕಲಸಿದ ಮೆಂತ್ಯ, ಅಥವಾ ತೊಗರಿಬೇಳೆಯೊಡನೆ ಬೇಯಿಸಿದ ಮಸ್ಸೊಪ್ಪು ಒಪ್ಪುತ್ತದೆ.

ಹಳೆಯ ಮೈಸೂರು ಭಾಗದ ಬಸ್ಸಾರು ಈ ದೃಷ್ಟಿಯಿಂದ ಉತ್ತಮ ಪದ್ಧತಿ. ಸೊಪ್ಪು ಮತ್ತು ಕಾಳನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಿಂದಲೇ ಸಾರು ಮಾಡಲಾಗುತ್ತದೆ. ಸೊಪ್ಪು ಕಾಳು ಪಲ್ಯವಾಗುತ್ತದೆ. ನೀರಿಗಿಳಿದ ಪೋಷಕಾಂಶ ಮತ್ತೆ ತಟ್ಟೆಗೇ ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಅಡುಗೆ ಮಾಡಿದರೆ, ಅದರಲ್ಲಿಯೂ ಹುಣಸೆಹಣ್ಣು ಅಥವಾ ಟೊಮೆಟೊ ಹಾಕಿದಾಗ, ಬಾಣಲೆಯ ಕಬ್ಬಿಣಾಂಶವೂ ಸ್ವಲ್ಪ ಸೇರುತ್ತದೆ. ಅಡುಗೆಯಾದ ನಂತರ ಬೇರೆ ಪಾತ್ರೆಗೆ ವರ್ಗಾಯಿಸುವುದು ರುಚಿಯ ದೃಷ್ಟಿಯಿಂದ ಒಳಿತು.

ಬೀಟ್‌ರೂಟನ್ನು ಸಿಪ್ಪೆಸಹಿತ ಇಡಿಯಾಗಿ ಬೇಯಿಸಿ ಅನಂತರ ಸಿಪ್ಪೆ ಸುಲಿದರೆ ಬಣ್ಣವೂ ಫೋಲೇಟೂ ಹೆಚ್ಚು ಉಳಿಯುತ್ತವೆ. ರಸ ತೆಗೆದು ಸೋಸಿದರೆ ನಾರಿನಂಶ ಬಹುಪಾಲು ಹೋಗಿ ಸಕ್ಕರೆ ಉಳಿಯುತ್ತದೆ. ಆದುದರಿಂದ ರಸಕ್ಕಿಂತ ಪಲ್ಯ ಅಥವಾ ಕೋಸಂಬರಿ ಮೇಲು.

ಮೆಂತ್ಯ ಸೊಪ್ಪು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ರಕ್ತದ ಸಕ್ಕರೆಯ ಮೇಲೆ ಪರಿಣಾಮ ಬೀರುವ ಕುರಿತು ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಮೆಂತ್ಯದ ಕಾಳಿನ ಮೇಲೆ, ಸೊಪ್ಪಿನ ಮೇಲಲ್ಲ. ಕಾಳಿನಲ್ಲಿರುವ ಲೋಳೆಯಂತಹ ನಾರು ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಮಧುಮೇಹಿಗಳು ಸೊಪ್ಪನ್ನು ಧಾರಾಳವಾಗಿ ಸೇವಿಸಬಹುದು, ಔಷಧಿಯನ್ನು ಮಾತ್ರ ನಿಲ್ಲಿಸಬಾರದು.

ಖರೀದಿ ಮತ್ತು ಸಂಗ್ರಹಣೆ

ಹೊಸಕೋಟೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳು ಹಾಗೂ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಸೊಪ್ಪು ತರಕಾರಿ ನಗರಕ್ಕೆ ಬರುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯಂತಹ ಸಗಟು ಮಾರುಕಟ್ಟೆಗಳಿಗೆ ನಸುಕಿನಲ್ಲಿಯೇ ಬಂದ ಸೊಪ್ಪು ತಳ್ಳುಗಾಡಿ, ಸಂತೆ ಮತ್ತು ಹಾಪ್‌ಕಾಮ್ಸ್ ಮಳಿಗೆ ಮುಂತಾದ ದಾರಿಗಳಿಂದ ಬಡಾವಣೆಗಳನ್ನು ಸೇರುತ್ತದೆ. ಸಂಜೆ ಪಾಳಿ ಮುಗಿಸಿ ಬರುವವರ ಕೈಗೆ ಸಿಗುವುದು ಹನ್ನೆರಡು ಗಂಟೆ ಬಿಸಿಲು ಗಾಳಿಗೆ ಒಡ್ಡಿದ ಕಟ್ಟು. ಬಾಡಿದ ಸೊಪ್ಪಿನಲ್ಲಿ ಕಬ್ಬಿಣಾಂಶ, ಸುಣ್ಣಾಂಶ ಹಾಗೆಯೇ ಇರುತ್ತವೆ. ವಿಟಮಿನ್ ಸಿ ಮಾತ್ರ ಗಣನೀಯವಾಗಿ ಇಳಿದಿರುತ್ತದೆ. ನಿಂಬೆಹಣ್ಣು ಈ ಕೊರತೆಯನ್ನು ತುಂಬಬಲ್ಲದು.

ಬೀಟ್‌ರೂಟಿನ ನಿಜವಾದ ಬಲ ಇಲ್ಲಿದೆ. ಫ್ರಿಜ್ ಇಲ್ಲದ ಬಾಡಿಗೆ ಕೋಣೆಯಲ್ಲಿಯೂ ಅದು ಹಲವು ದಿನ ಕೆಡದೆ ಉಳಿಯುತ್ತದೆ, ಭಾನುವಾರ ತಂದರೆ ವಾರವಿಡೀ ಬಳಸಬಹುದು, ಮಳೆಗಾಲದಲ್ಲಿ ಸೊಪ್ಪು ಕೊಳೆತು ಬೆಲೆ ಏರಿದಾಗಲೂ ದೊರೆಯುತ್ತದೆ. ಬಿಡಿಸುವ ಕೆಲಸವೂ ಇಲ್ಲ. ಮೆಂತ್ಯದ ಕಟ್ಟಿನಲ್ಲಿ ಬೇರು, ಗಟ್ಟಿ ದಂಟು ಕಳೆದರೆ ಉಳಿಯುವ ಎಲೆ ಕಡಿಮೆ. ಬಿಡಿಸಲು ತಗಲುವ ಹೊತ್ತು, ಎರಡು ಪಾಳಿಯ ಮನೆಗಳಲ್ಲಿ ಸಣ್ಣ ವಿಷಯವಲ್ಲ. ಒದ್ದೆಯಿಲ್ಲದ ಸೊಪ್ಪನ್ನು ಬಟ್ಟೆಯಲ್ಲಿ ಅಥವಾ ಕಾಗದದಲ್ಲಿ ಸುತ್ತಿಟ್ಟರೆ ಒಂದು ದಿನ ಹೆಚ್ಚು ಬಾಳುತ್ತದೆ. ನೆರಳಿನಲ್ಲಿ ಒಣಗಿಸಿದ ಮೆಂತ್ಯದಲ್ಲಿ ಖನಿಜಾಂಶಗಳು ಉಳಿಯುತ್ತವೆಯಾದರೂ ಒಂದು ಬಾರಿಗೆ ಬಳಸುವ ಚಿಟಿಕೆಯಿಂದ ಹೆಚ್ಚಿನ ಲಾಭವಿಲ್ಲ.

ಮೆಂತ್ಯವನ್ನು ಮನೆಯಲ್ಲಿಯೇ ಬೆಳೆಯುವುದು ಸುಲಭ. ಅಂಗಡಿಯಲ್ಲಿ ಸಾಂಬಾರ ಪದಾರ್ಥವಾಗಿ ಸಿಗುವ ಕಾಳನ್ನೇ ಒಂದು ರಾತ್ರಿ ನೆನೆಸಿ, ನೀರು ಬಸಿಯುವ ತೂತುಗಳಿರುವ ಅಗಲವಾದ ಟಬ್ಬಿನಲ್ಲಿ ನಾಲ್ಕೈದು ಅಂಗುಲ ಮಣ್ಣು ಗೊಬ್ಬರ ಹಾಕಿ ಬಿತ್ತಿದರೆ ಮೂರರಿಂದ ನಾಲ್ಕು ವಾರಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ದಿನಕ್ಕೆ ಕೆಲವು ಗಂಟೆ ಬಿಸಿಲು ಬೀಳುವ ಬಾಲ್ಕನಿ ಅಥವಾ ಮಹಡಿ ಸಾಕು. ವಾರಕ್ಕೊಂದು ಟಬ್ಬಿನಂತೆ ಬಿತ್ತುತ್ತಾ ಹೋದರೆ ಸರದಿಯಲ್ಲಿ ಸೊಪ್ಪು ದೊರೆಯುತ್ತದೆ. ಬಿತ್ತನೆಗೆಂದೇ ಔಷಧಿ ಲೇಪಿಸಿ ಮಾರುವ ಬೀಜವನ್ನು ಅಡುಗೆಗೆ ಬಳಸಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸೊಪ್ಪು ಮತ್ತು ತರಕಾರಿ ಬೀಜಗಳು ಮಾರಾಟಕ್ಕೆ ದೊರೆಯುತ್ತವೆ.

ನೀರಿನ ಮೂಲ

ಈ ವಲಯದ ನಿವಾಸಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ವೃಷಭಾವತಿ ನದಿಯು ನಗರದ ಒಳಚರಂಡಿ ನೀರಿನೊಡನೆ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತು ಕೆಂಗೇರಿ, ಬಿಡದಿ ಮಾರ್ಗವಾಗಿ ಬೈರಮಂಗಲ ಕೆರೆಯನ್ನು ಸೇರುತ್ತದೆ. ಪೂರ್ವದಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಇಂತಹ ನೀರಿನಿಂದ ಸೊಪ್ಪು ತರಕಾರಿ ಬೆಳೆಯುವುದು ದಶಕಗಳಿಂದ ನಡೆದುಬಂದಿದೆ. ಕ್ಯಾಡ್ಮಿಯಂ, ಸೀಸದಂತಹ ಭಾರಲೋಹಗಳನ್ನು ಎಲೆ ತರಕಾರಿಗಳು ಕಾಯಿ ತರಕಾರಿಗಳಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತವೆ. ಮಣ್ಣಿನೊಳಗೇ ಬೆಳೆಯುವ ಬೇರು ತರಕಾರಿಗಳೂ ಇದರಿಂದ ಹೊರತಲ್ಲ. ಪೋಷಕಾಂಶದಲ್ಲಿ ಮೇಲುಗೈ ಪಡೆದ ಸೊಪ್ಪು ಈ ಒಂದು ವಿಷಯದಲ್ಲಿ ಹೆಚ್ಚು ಎಚ್ಚರವನ್ನು ಬೇಡುತ್ತದೆ.

ತೊಳೆಯುವುದರಿಂದ ಮಣ್ಣು, ಹುಳುವಿನ ಮೊಟ್ಟೆ, ರೋಗಾಣು ಹಾಗೂ ಮೇಲ್ಮೈಯ ಕೀಟನಾಶಕದ ಒಂದಂಶ ಹೋಗುತ್ತದೆ. ಗಿಡದೊಳಗೆ ಸೇರಿದ ಭಾರಲೋಹ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚು ಹಸಿರಾಗಿ, ಸೊಂಪಾಗಿ ಕಂಡಿತೆಂಬ ಕಾರಣಕ್ಕೆ ಸೊಪ್ಪು ಶುದ್ಧವೆಂದು ಭಾವಿಸುವಂತಿಲ್ಲ. ಒಳಚರಂಡಿ ನೀರಿನ ಸಾರಜನಕದಿಂದಲೂ ಎಲೆ ಸೊಂಪಾಗುತ್ತದೆ. ಮಾರುವವರನ್ನು ಯಾವ ಊರಿನ ಸೊಪ್ಪು, ಯಾವ ನೀರಿನದು ಎಂದು ಕೇಳಿ ಕೊಳ್ಳುವುದು, ಒಂದೇ ಮೂಲವನ್ನು ಅವಲಂಬಿಸದೆ ಸೊಪ್ಪಿನ ಬಗೆ ಹಾಗೂ ಕೊಳ್ಳುವ ಸ್ಥಳವನ್ನು ಆಗಾಗ ಬದಲಿಸುವುದು ಕಾರ್ಯಸಾಧ್ಯವಾದ ಕ್ರಮಗಳು. ಇದಕ್ಕೆ ಹೆದರಿ ಸೊಪ್ಪನ್ನೇ ಬಿಡುವುದು ಸರಿಯಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿರುವುದು ದಾಖಲಾಗಿರುವುದರಿಂದ, ಅಲ್ಲಿ ಮನೆಯ ಟಬ್ಬಿನ ಗಿಡಗಳಿಗೂ ಕೊಳವೆ ಬಾವಿಯ ನೀರಿನ ಬದಲು ಕಾವೇರಿ ನೀರು ಅಥವಾ ಮಳೆನೀರು ಬಳಸುವುದು ಲೇಸು.

ರಕ್ತಹೀನತೆಯುಳ್ಳವರಿಗೆ ದೊರೆಯುವ ಸೇವೆಗಳು

ಆಹಾರದಿಂದ ರಕ್ತಹೀನತೆಯನ್ನು ತಡೆಯಬಹುದು. ಈಗಾಗಲೇ ಬಂದಿರುವ ರಕ್ತಹೀನತೆಯನ್ನು ಆಹಾರವೊಂದರಿಂದಲೇ ನಿವಾರಿಸುವುದು ಕಷ್ಟ. ಸಾಮಾನ್ಯವಾಗಿ ಹಿಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ ಮಹಿಳೆಯರಲ್ಲಿ 12 ಗ್ರಾಂ ಹಾಗೂ ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಗರ್ಭಿಣಿಯರಲ್ಲಿ 7 ಗ್ರಾಂಗಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು. ಆಸ್ಪತ್ರೆಯ ಚಿಕಿತ್ಸೆ ಅವಶ್ಯಕ.

ಪ್ರಾಥಮಿಕ ಆರೋಗ್ಯ ಕೇಂದ್ರಗಳು, ನಗರ ಆರೋಗ್ಯ ಕೇಂದ್ರಗಳು ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಹಾಗೂ ಕಬ್ಬಿಣಾಂಶದ ಮಾತ್ರೆಗಳು ಉಚಿತವಾಗಿ ದೊರೆಯುತ್ತವೆ. ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಅನ್ವಯ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿಂದ 180 ದಿನ ಹಾಗೂ ಹೆರಿಗೆಯ ನಂತರ 180 ದಿನ, ದಿನಕ್ಕೊಂದರಂತೆ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆ ನೀಡಲಾಗುತ್ತದೆ. ರಕ್ತಹೀನತೆ ಕಂಡುಬಂದವರಿಗೆ ಪ್ರಮಾಣವನ್ನು ವೈದ್ಯರು ನಿರ್ಧರಿಸುತ್ತಾರೆ. ಕಾರ್ಮಿಕ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕಾರ್ಮಿಕರು ಮತ್ತು ಅವರ ಅವಲಂಬಿತರು ಇ.ಎಸ್.ಐ. ಔಷಧಾಲಯಗಳಲ್ಲಿಯೂ ಪರೀಕ್ಷೆ, ಚಿಕಿತ್ಸೆ ಪಡೆಯಬಹುದು.

ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಗೊಳಿಸಿತು. ಅನ್ನ, ಸೊಪ್ಪು ತರಕಾರಿಯ ಸಾಂಬಾರು, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿಯ ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ನೀಡುವುದು ಈ ಯೋಜನೆಯ ಸ್ವರೂಪವಾಗಿದೆ. ನೋಂದಣಿಗಾಗಿ ವಾಸಸ್ಥಳಕ್ಕೆ ಸಮೀಪದ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸತಕ್ಕದ್ದು. ತಾಯಿ ಕಾರ್ಡ್, ಆಧಾರ್ ಮತ್ತು ಮೊಬೈಲ್ ಸಂಖ್ಯೆಯನ್ನು ಜೊತೆಗಿಟ್ಟುಕೊಂಡರೆ ನೋಂದಣಿ ಸುಲಭ. ಉತ್ತರ ಕರ್ನಾಟಕದಿಂದ ಅಥವಾ ಬೇರೆ ರಾಜ್ಯಗಳಿಂದ ಕೆಲಸಕ್ಕಾಗಿ ಬಂದು ಇಲ್ಲಿ ಬಾಡಿಗೆಗೆ ಇರುವವರು ಊರಿನ ಅಂಗನವಾಡಿಯಲ್ಲಿ ಹೆಸರಿದೆಯೆಂದು ಸುಮ್ಮನಿರದೆ, ತಾವು ಈಗ ವಾಸವಿರುವ ಸ್ಥಳದಲ್ಲಿ ವಿಚಾರಿಸಬೇಕು. ಕೆಲಸದ ವೇಳೆಯಲ್ಲಿ ಅಂಗನವಾಡಿಗೆ ಹೋಗಲಾಗದವರು ಕನಿಷ್ಠ ಮಾತ್ರೆಗಳನ್ನಾದರೂ ಆಶಾ ಕಾರ್ಯಕರ್ತೆಯ ಮೂಲಕ ಪಡೆಯುವುದು ಅಗತ್ಯ.

ಮಾತ್ರೆಯ ಸೇವನೆಯಿಂದ ಮಲ ಕಪ್ಪಾಗುವುದು ಸಹಜ. ವಾಕರಿಕೆ, ಹೊಟ್ಟೆ ಉರಿ ಕಾಣಿಸಿಕೊಂಡರೆ ನಿಲ್ಲಿಸದೆ, ರಾತ್ರಿ ಊಟದ ನಂತರ ಸೇವಿಸಿ ನೋಡಬಹುದು. ಸುಣ್ಣಾಂಶದ ಮಾತ್ರೆಯನ್ನು ಇದರೊಡನೆ ನುಂಗದೆ ದಿನದ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಹಾಲು, ಚಹಾ, ಕಾಫಿಯೊಡನೆ ನುಂಗಬಾರದು. ನೀರು ಅಥವಾ ನಿಂಬೆ ಪಾನಕ ಸೂಕ್ತ. ಮಾತ್ರೆ ಸೇವಿಸಿಯೂ ಒಂದೆರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದಿದ್ದಲ್ಲಿ ಜಂತುಹುಳು, ವಿಟಮಿನ್ ಬಿ 12ರ ಕೊರತೆ, ಅತಿಯಾದ ಮುಟ್ಟಿನ ಸ್ರಾವ ಮುಂತಾದ ಇತರ ಕಾರಣಗಳನ್ನು ವೈದ್ಯರು ಪರಿಶೀಲಿಸಬೇಕಾಗುತ್ತದೆ. ವಿಟಮಿನ್ ಬಿ 12 ಮೆಂತ್ಯದಲ್ಲಿಯೂ ಇಲ್ಲ, ಬೀಟ್‌ರೂಟಿನಲ್ಲಿಯೂ ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಬರತಕ್ಕದ್ದು.

ಎಚ್ಚರಿಕೆ

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಂತಹ ಔಷಧಿ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಬೀಟ್‌ರೂಟ್ ಮತ್ತು ಪಾಲಕ್ ಸೇವನೆಯ ಬಗ್ಗೆ, ಮೂತ್ರಪಿಂಡ ವೈಫಲ್ಯವಿರುವವರು ಎಲ್ಲ ಸೊಪ್ಪು ತರಕಾರಿಗಳ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಕಬ್ಬಿಣಾಂಶದ ಮಾತ್ರೆಗಳು ಚಿಕ್ಕ ಮಕ್ಕಳಿಗೆ ಮಿಠಾಯಿಯಂತೆ ಕಾಣುತ್ತವೆ. ಹಲವನ್ನು ಒಮ್ಮೆಗೇ ನುಂಗಿದರೆ ಪ್ರಾಣಾಪಾಯ ಉಂಟಾಗಬಹುದು. ಅವುಗಳನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡತಕ್ಕದ್ದು, ಆಕಸ್ಮಿಕವಾಗಿ ನುಂಗಿದಲ್ಲಿ ಉಳಿದ ಮಾತ್ರೆಯ ಪಟ್ಟಿಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.